ರೊಟ್ಟಿ ಬಡಿಯುವ ಜಾಗ

ಮೊನ್ನೆ ನಮ್ಮ ಅಡಿಗೆ ಕಟ್ಟೆಯ ಮೇಲೆ ಒಂದು ಗೀರು ಬಿತ್ತು. ಜೋಳದ ಹಿಟ್ಟಿನ ಡಬ್ಬಿಯನ್ನು ಎತ್ತಿಡುವ ಬದಲು ಎಳೆದವನು ನಾನೇ. ಕಲ್ಲಿಗೆ ಗೀರು ಬೀಳಬಾರದೆಂದು ಡಬ್ಬಿಯ ತಳಕ್ಕೆ ಬಟ್ಟೆಯ ತುಂಡು ಅಂಟಿಸಿದವನೂ ನಾನೇ. ಆ ಬಟ್ಟೆಯಲ್ಲಿಯೇ ಮರಳಿನ ಕಣವೊಂದು ಸಿಕ್ಕಿಕೊಂಡಿತ್ತು.

ವಾಡಿಯಲ್ಲಿ ಈ ಮನೆ ಕಟ್ಟಿಸಿದಾಗ ಹೊಳೆಯುವ ಗ್ರಾನೈಟ್ ಬೇಡ, ಹೊಳಪಿಲ್ಲದ ಶಹಾಬಾದ್ ಕಲ್ಲೇ ಬೇಕೆಂದು ಹಟ ಹಿಡಿದಿದ್ದೆ. ಅಂದಿನಿಂದ ಆ ಕಟ್ಟೆಗೆ ನಾನು ಕಾವಲುಗಾರ. ಹುಣಸೆ ನೀರು ಚೆಲ್ಲಿದರೆ ಓಡಿ ಬಂದು ಒರೆಸುತ್ತೇನೆ. ಪಾತ್ರೆ ತಿಕ್ಕುವ ತಂತಿ ಅದರ ಹತ್ತಿರ ಸುಳಿಯುವಂತಿಲ್ಲ. ನಮ್ಮ ಕಡೆಯ ಹೆಣ್ಣುಮಕ್ಕಳು ಜೋಳದ ರೊಟ್ಟಿಯನ್ನು ಕಲ್ಲಿನ ಮೇಲೇ ಬಡಿಯುತ್ತಾರೆ. ನಾನು ಮಾತ್ರ ನನ್ನ ಹೆಂಡತಿ ಶಾಂತಾಳಿಗೆ ಮರದ ಹಲಗೆ ತಂದುಕೊಟ್ಟೆ. “ಹಲಗಿ ಕುಣೀತದ್ರಿ. ರೊಟ್ಟಿ ತಿರಗಂಗಿಲ್ಲ, ಕೈ ಭಾಳ ನೋಯ್ತದ,” ಎಂದು ಅವಳು ಎರಡು ವರ್ಷದಿಂದ ಹೇಳುತ್ತಲೇ ಇದ್ದಾಳೆ. ಅಭ್ಯಾಸವಾಗುತ್ತದೆ ಎಂದು ನಾನೂ ಹೇಳುತ್ತಲೇ ಇದ್ದೇನೆ.

ಗೀರಿನ ಮೇಲೆ ಉಗುರು ಆಡಿಸಿದೆ. ಬಹಳ ವರ್ಷಗಳ ಹಿಂದೆ ಈ ಪರೀಕ್ಷೆ ಕಲಿಸಿದವರು ಶಹಾಬಾದಿನಲ್ಲಿ ಕಲ್ಲಿಗೆ ಪಾಲಿಶ್ ಹಿಡಿಯುತ್ತಿದ್ದ ಕಾಸಿಂ ಚಾಚಾ. “ಉಗುರು ಜಾರಿದ್ರ ಅದು ಬರೇ ಡಾಗ್, ಮ್ಯಾಲಿನ ಕಲೆ, ಒರಸಿದ್ರ ಹೋಗ್ತದ. ಉಗುರು ನಿಂತ್ರ ಗೀರು. ಆವಾಗ ಕಾಗದ ಹಿಡೀಬೇಕು, ತಮ್ಮಾ,” ಎನ್ನುತ್ತಿದ್ದರು. ಕಾಗದವೆಂದರೆ ನೀರಿನಲ್ಲಿ ನೆನೆಸಿ ತಿಕ್ಕುವ ಪಾಲಿಶ್ ಕಾಗದ. ಮೊದಲು ಒರಟು, ಆಮೇಲೆ ನಯ, ಕೊನೆಗೆ ನಾಲ್ಕು ಹನಿ ಕುಸುಬಿ ಎಣ್ಣೆ. ಆಗ ನನಗೆ ಹೊಸದಾಗಿ ನೌಕರಿ ಸಿಕ್ಕಿತ್ತು, ಜಗತ್ತಿನಲ್ಲಿ ನನಗೆ ಬಾರದ ಕೆಲಸವಿಲ್ಲ ಎಂಬ ನಂಬಿಕೆಯೂ ಇತ್ತು.

ಚಿತ್ತಾಪುರದ ನಮ್ಮ ಮನೆಯ ಕಟ್ಟೆಗೂ ಒಂದು ಉದ್ದನೆಯ ಗೀರಿತ್ತು. ಅವ್ವ ಸೇಡಂನಲ್ಲಿದ್ದ ತನ್ನ ತಂಗಿಯ ಮನೆಗೆ ಹೋಗಿದ್ದಾಗ, ಅವಳು ಬರುವುದರೊಳಗೆ ಅದನ್ನು ತೆಗೆದು ಬೆರಗುಗೊಳಿಸಬೇಕೆಂದುಕೊಂಡೆ. ಅರ್ಧ ದಿನ ತಿಕ್ಕಿದೆ. ಗೀರು ಹೋಯಿತು. ಹೋದ ಮೇಲೆ ಅದರ ಪಕ್ಕದಲ್ಲಿ ಹಿಟ್ಟು ಕಲಸುವ ಪರಾತದಷ್ಟು ಅಗಲ ದುಂಡಗೆ ಹೊಳೆಯುತ್ತಿದ್ದ ಜಾಗ ಕಣ್ಣಿಗೆ ಬಿತ್ತು. ಕಲ್ಲೆಲ್ಲ ಮಾಸಲು, ಅದೊಂದೇ ಕನ್ನಡಿ. ಇದೂ ಒಂದು ಕಲೆ ಎಂದುಕೊಂಡು ಅದನ್ನೂ ಒರಟು ಕಾಗದದಿಂದ ತಿಕ್ಕಿ ಕಟ್ಟೆಯನ್ನೆಲ್ಲ ಒಂದೇ ಸಮ ಮಾಡಿದೆ. ನೀವಾಗಿದ್ದರೂ ಹಾಗೇ ಮಾಡುತ್ತಿದ್ದಿರೇನೋ. ಅಥವಾ ಇಲ್ಲ, ನೀವು ಒಂದು ಮಾತು ಕೇಳುತ್ತಿದ್ದಿರಿ.

ಅವ್ವ ಬಂದವಳೇ ರೊಟ್ಟಿ ಬಡಿಯಲು ನಿಂತಳು. ಮೊದಲ ರೊಟ್ಟಿ ಕಲ್ಲಿಗೆ ಅಂಟಿ ಹರಿಯಿತು. ಎರಡನೆಯದೂ ಹರಿಯಿತು. ಅವಳು ಹಿಟ್ಟು ಸರಿಸಿ ಅಂಗೈಯಿಂದ ಕಲ್ಲನ್ನು ಸವರಿ ನೋಡಿದಳು.

“ಗೀರು ತೆಗದಿ, ಛಲೋ ಆತು. ನನ್ನ ಜಾಗ ಯಾಕ್ ತೆಗದಿ, ತಮ್ಮಾ?” ಎಂದಳು.

ಇಪ್ಪತ್ತು ವರ್ಷ ದಿನಾ ಅದೇ ಜಾಗದಲ್ಲಿ ಬಡಿದು ಬಡಿದು ಅವಳ ಅಂಗೈ ಆ ಕಲ್ಲನ್ನು ನುಣುಪು ಮಾಡಿತ್ತು. ಅಲ್ಲಿ ರೊಟ್ಟಿ ತಾನಾಗಿ ತಿರುಗುತ್ತಿತ್ತಂತೆ. ನಾನು ಶಹಾಬಾದಿಗೆ ಓಡಿದೆ. ಕಾಸಿಂ ಚಾಚಾ ಎಲ್ಲ ಕೇಳಿ ತಲೆ ಅಲ್ಲಾಡಿಸಿದರು. “ಪಾಲಿಶ್ ನಾ ಮಾಡಿಕೊಡ್ತೀನಿ. ಅವ್ವನ ಕೈಗೆ ಅದು ಒಗ್ಗಂಗಿಲ್ಲ. ಅವ್ರೇ ಬಡೀಲಿ, ಬಿಡು.”

ಅವ್ವ ಮತ್ತೆ ಅದೇ ಜಾಗದಲ್ಲಿ ಬಡಿಯತೊಡಗಿದಳು. ಹರಿದ ರೊಟ್ಟಿಗಳನ್ನು ತಾನು ತಿಂದು ಇಡಿಯವನ್ನು ನನಗೆ ಹಾಕುತ್ತಿದ್ದಳು. ನಾಲ್ಕು ವರ್ಷಕ್ಕೆ ತೀರಿಕೊಂಡಳು. ಅಲ್ಲಿಯವರೆಗೂ ಆ ಹೊಳಪು ಪೂರ್ತಿ ಬರಲಿಲ್ಲ. ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ನಾಚಿಕೆಯಾಗುತ್ತಿತ್ತು, ಈಗಲೂ ಆಗುತ್ತದೆ.

ಮೊನ್ನೆಯ ಗೀರನ್ನು ಚಾಚಾ ಹೇಳಿದಂತೆಯೇ ತೆಗೆದೆ. ಎಣ್ಣೆ ಒರೆಸುವಾಗ ಹಲಗೆ ಅಡ್ಡ ಬಂತು. ಎತ್ತಿ ಅಟ್ಟಕ್ಕೆ ಹಾಕಿದೆ.

“ಇವತ್ತಿನಿಂದ ಕಲ್ಲಿನ ಮ್ಯಾಲೇ ಬಡಿ,” ಎಂದೆ.

ಶಾಂತಾ ನನ್ನ ಮುಖ ನೋಡಿದಳು. “ಬಡದು ಬಡದು ಆ ಜಾಗ ಹೊಳೀತದ ನೋಡ್ರಿ. ಆಮ್ಯಾಲ ನನಗ ಅನಬ್ಯಾಡ್ರಿ.”

“ಹೊಳೀಲಿ.”

ಮೊದಲ ರೊಟ್ಟಿ ಅಂಟಿ ಹರಿಯಿತು. ಅವಳು ಅದನ್ನು ಬೇಯಿಸಿ ತನ್ನ ತಟ್ಟೆಗೆ ಹಾಕಿಕೊಳ್ಳಲು ಹೋದಳು. ಅದನ್ನು ಇಸಿದುಕೊಂಡು ನಾನು ತಿಂದೆ.