ತಾಡಪತ್ರಿ ಇಳಿಸಿದ ಮೇಲಿನ ಹಾಡು

ಮಳೆ ಬಂದರೆ ಏನು ಗತಿ ಎಂದು ಕೇಳಿದೆ. ಕಾರ್ಯಕ್ರಮ ನಡೆಯುವುದು ಕಲ್ಯಾಣ ಮಂಟಪದ ಒಳಗೆ, ಮೇಲೆ ಗಟ್ಟಿ ಸ್ಲ್ಯಾಬು ಇದೆ ಎಂದಳು ಅಕ್ಕನ ಮಗಳು. ಕರೆಂಟು ಹೋದರೆ? ಜನರೇಟರ್ ಹೇಳಿದ್ದೇವೆ. ಜನರೇಟರ್ ಕೈಕೊಟ್ಟರೆ?

"ಮಾಮಾ, ನೀ ಒಂದ ಕೆಲಸ ಮಾಡು. ಚಿಂತಿ ಮಾಡೂದಿದ್ರ ಮನ್ಯಾಗ ಕುಂತು ಮಾಡು. ಅಲ್ಲಿಗೆ ಬಂದು ಮಾಡಬ್ಯಾಡ."

ಹಾಗೆ ಅಂದವಳು ಮರುದಿನವೇ ನನ್ನನ್ನು ಹುಡುಕಿಕೊಂಡು ಆಫೀಸಿಗೆ ಬಂದಳು. ಅವಳಿಗೆ ಅವಳಪ್ಪನನ್ನು ಆ ಕಾರ್ಯಕ್ರಮಕ್ಕೆ ಕರೆತರುವ ಒಬ್ಬ ಮನುಷ್ಯ ಬೇಕಾಗಿದ್ದ.

ನಾನು ವಿಜಯಪುರದ ಕಾಲೇಜೊಂದರಲ್ಲಿ ಗುಮಾಸ್ತ. ಕಂಪ್ಯೂಟರಿನ ಆಟವೆಂದರೆ ನನಗೆ ಗೊತ್ತಿದ್ದದ್ದು ಇಸ್ಪೀಟು ಒಂದೇ, ಅದೂ ಪ್ರಾಚಾರ್ಯರು ರಜೆಯಲ್ಲಿದ್ದಾಗ. ಆದರೆ ನಮ್ಮ ಊರಿನಲ್ಲೇ ಯಾವ ಕಂಪನಿಯ ಹಂಗೂ ಇಲ್ಲದೆ ತಮ್ಮ ತಮ್ಮ ಮನೆಯಲ್ಲಿ ಕುಳಿತು ವಿಡಿಯೋ ಗೇಮ್ ಮಾಡುವ ಹುಡುಗ ಹುಡುಗಿಯರು ಒಂದು ಗುಂಪಾಗುವಷ್ಟು ಇದ್ದಾರೆ. ಅವರೆಲ್ಲ ಸೇರಿ ಒಂದು ಭಾನುವಾರ ಹಬ್ಬ ಮಾಡುವುದೆಂದು ಗೊತ್ತುಮಾಡಿದ್ದರು. ಮೇಜುಗಳ ಮೇಲೆ ಆಟ, ವೇದಿಕೆಯ ಮೇಲೆ ಹಾಡು ಬಜಾವಣೆ, ಯಾರು ಬೇಕಾದರೂ ಬಂದು ಆಡಬಹುದು, ಕೇಳಬಹುದು, ಚುರುಮುರಿ ತಿನ್ನಬಹುದು. ನನ್ನ ಸೋದರಸೊಸೆಯ ಆಟವೂ ಅಲ್ಲಿತ್ತು.

ಅವಳ ಆಟ ನಡೆಯುವುದು ತಿಕೋಟಾದ ಒಣದ್ರಾಕ್ಷಿ ಶೆಡ್ಡಿನಲ್ಲಿ. ಅಂದರೆ ಅವಳ ಮನೆಯಲ್ಲಿ. ಗೋಡೆಯಿಲ್ಲದ ಉದ್ದನೆಯ ಶೆಡ್ಡು, ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆ, ಅದರ ಮೇಲೆ ಹರವಿದ ಹಸಿರು ದ್ರಾಕ್ಷಿ. ನಾಲ್ಕೂ ದಿಕ್ಕಿನಿಂದ ಮೋಡ ಬರುತ್ತದೆ. ಆಡುವವರು ಒಬ್ಬ ಹುಡುಗಿಯನ್ನು ಓಡಾಡಿಸಿ, ಹನಿ ಬೀಳುವ ಮೊದಲು ಸುತ್ತಲಿನ ತಾಡಪತ್ರಿಗಳನ್ನು, ಆ ಟಾರ್ಪಾಲಿನ ಪರದೆಗಳನ್ನು, ಇಳಿಸಬೇಕು. ತಡವಾದರೆ ದ್ರಾಕ್ಷಿ ಕಪ್ಪಾಗಿ ಆಟ ಮುಗಿಯುತ್ತದೆ. ಎಲ್ಲ ಇಳಿಸಿದರೆ ಒಳಗೆ ಕತ್ತಲು. ಆ ಕತ್ತಲಲ್ಲಿ ಒತ್ತಲು ಯಾವ ಗುಂಡಿಯೂ ಇಲ್ಲ. ಒಬ್ಬ ಹೆಂಗಸಿನ ಹಾಡು ಕೇಳುತ್ತದೆ. ಕೂತು ಕೇಳಬೇಕು, ಅಷ್ಟೆ.

ಆ ದನಿ ನನ್ನ ಅಕ್ಕನದು. ಅವಳು ತೀರಿಕೊಳ್ಳುವ ಹಿಂದಿನ ಸುಗ್ಗಿಯಲ್ಲಿ, ಹೆಣ್ಣುಮಕ್ಕಳೆಲ್ಲ ಕೂತು ಒಣದ್ರಾಕ್ಷಿ ಹಸನು ಮಾಡುವಾಗ, ಮಗಳು ಖಾಲಿ ಕ್ರೇಟಿನೊಳಗೆ ಫೋನು ಇಟ್ಟು ತುಂಬಿಕೊಂಡದ್ದು. ಅಕ್ಕನಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಬಾಯಿ ಬಿಡುತ್ತಿರಲಿಲ್ಲ. ನಮ್ಮ ಮನೆತನದ ಹೆಂಗಸರು ಗಂಡಸರ ಎದುರು ಹಾಡುವುದಿಲ್ಲ. ಬೀಸುವ ಪದದ ಧಾಟಿಗೆ ತನ್ನದೇ ಸಾಲು ಕಟ್ಟಿ ಸೇರಿಸುವ ಚಟ ಅವಳಿಗಿತ್ತಂತೆ. ಅದರಲ್ಲೊಂದು ನನ್ನ ಮೇಲೆಯೇ ಇತ್ತು. ಆಫೀಸಿನ ಹೊರಗಿನ ಬೇವಿನ ಗಿಡದ ಕೆಳಗೆ ಸೊಸೆ ಅದನ್ನು ಕೇಳಿಸಿದಳು.

'ಮುಗಿಲು ಕಾಣೂ ಮೊದಲ ಛತ್ರಿ ಬಿಚ್ಚತಾನ ನನ ತಮ್ಮ, ಬಿಸಲಾಗ ನಿಂತು ನಡಗತಾನ.'

ಹೆಂಗಸರ ನಗು ಕೇಳಿಸಿತು. ಅಕ್ಕನ ನಗು ಎಲ್ಲರಿಗಿಂತ ಮೇಲಿತ್ತು. ನನಗೆ ನಗುವೂ ಬರಲಿಲ್ಲ, ಇನ್ನೊಂದೂ ಬರಲಿಲ್ಲ. "ನಡಗತಾನ ಅಂತ ಯಾಕ ಹಾಕ್ಯಾಳ" ಎಂದು ಮಾತ್ರ ಕೇಳಿದೆ.

"ಅಪ್ಪ ಇದನ್ನ ಕೇಳ್ಬೇಕು, ಮಾಮಾ. ಅಂವ ಹೂಂ ಅಂದ್ರ ಆಟ ಹೊರಗ ಬಿಡ್ತೇನಿ. ಅನ್ನಲಿಲ್ಲಂದ್ರ ಹಾಡು ತಗದಬಿಡ್ತೇನಿ."

"ಮನ್ಯಾಗ ಕೇಳಸಾಕ ಏನು ಧಾಡಿ?"

"ಮನ್ಯಾಗ ಅವ್ವನ ಮಾತ ಎತ್ತಗೊಡೂದಿಲ್ಲ. ಎದ್ದು ಹೊಲಕ್ಕ ಹೋಗಿಬಿಡ್ತಾನ. ಆಟದಾಗಾದ್ರ ತಾನ ತಾಡಪತ್ರಿ ಇಳಸಗೋತ ತಾನ ಅಲ್ಲಿಗೆ ಬರ್ತಾನ."

ಭಾವ ಬಬಲೇಶ್ವರದ ಭಜನಾ ಮೇಳದಲ್ಲಿ ದಪ್ಪು ಬಾರಿಸುತ್ತಾನೆ. ಅದು ಅವನು ಹುಟ್ಟಿದ ಊರು. ಸಂತೆಯ ದಿನ ತಿಕೋಟಾದಿಂದ ಹೋದವನು ಭಜನೆ ಮುಗಿಸಿಯೇ ಬರುತ್ತಾನೆ. ಅವನೊಬ್ಬನನ್ನೇ ಕರೆದರೆ ಬರುವುದಿಲ್ಲವೆಂದು ಇಡೀ ಮೇಳವನ್ನೇ ಕರೆಸುವ ಉಪಾಯ ನನ್ನದು. ಮೇಳ ಒಪ್ಪಿತು. ಆಮೇಲೆ ಅವರನ್ನು ಕರೆತರುವ ಜೀಪು ಕೆಟ್ಟರೆ ಎಂಬ ಚಿಂತೆ ಶುರುವಾಯಿತು.

ಜೀಪು ಕೆಡಲಿಲ್ಲ. ಕರೆಂಟೂ ಹೋಗಲಿಲ್ಲ. ನನ್ನ ಜೀವಮಾನದಲ್ಲಿ ನಾನು ಮಾಡಿದ ಚಿಂತೆಗಳಲ್ಲಿ ಒಂದಾದರೂ ಸರಿಯಾದ ಜಾಗಕ್ಕೆ ಬಿದ್ದದ್ದಿಲ್ಲ.

ತೊರವಿಗೆ ಹೋಗುವ ರಸ್ತೆಯ ಬದಿಯ ಮಂಟಪ ಅದು. ಮದುವೆಯ ಕಮಾನನ್ನು ಬಿಚ್ಚದೆ ಹಾಗೇ ಬಿಟ್ಟು, 'ಶುಭವಿವಾಹ' ಎಂಬ ಅಕ್ಷರಗಳ ಮೇಲೆ ಹುಡುಗರು ಬಣ್ಣದ ಕಾಗದ ಅಂಟಿಸಿದ್ದರು. ಒಳಗೆ ಹಬ್ಬವೇ. ಒಂದು ಮೇಜಿನಲ್ಲಿ ಸಿಟಿ ಬಸ್ಸನ್ನು ಎಮ್ಮೆಗಳ ನಡುವೆ ದಾಟಿಸುವ ಆಟ, ಇನ್ನೊಂದರಲ್ಲಿ ಗುಮ್ಮಟದೊಳಗೆ ಕೂಗಿದ ಪದ ಏಳು ಸಲ ತಿರುಗಿ ಬರುವಾಗ ಅದರಿಂದ ತಪ್ಪಿಸಿಕೊಳ್ಳುವ ಆಟ. ಗಡ್ಡದ ಹುಡುಗರು ಗಿಟಾರು ಶ್ರುತಿ ಮಾಡುತ್ತಿದ್ದರು. ಮೂಲೆಯಲ್ಲಿ ಮಿರ್ಚಿ ಭಜಿ ಕರಿಯುವ ಎಣ್ಣೆಯ ವಾಸನೆ. ನೆರೆಯ ಓಣಿಯ ಮುದುಕಿಯೊಬ್ಬಳು ಎಮ್ಮೆಯ ಆಟದ ಮುಂದೆ ಕೂತವಳು ಏಳಲೊಲ್ಲೆ ಅನ್ನುತ್ತಿದ್ದಳು. "ತಡೀಲೇ, ಇದೊಂದು ಎಮ್ಮಿ ದಾಟಲಿ" ಎಂದು ಮೊಮ್ಮಗನ ಕೈ ಝಾಡಿಸುತ್ತಿದ್ದಳು.

ಆದರೆ ನಮ್ಮಲ್ಲಿ ಸನ್ಮಾನವಿಲ್ಲದೆ ಯಾವ ಹಬ್ಬವೂ ಶುರುವಾಗುವುದಿಲ್ಲ. ಮುಖ್ಯ ಅತಿಥಿಗೆ ಶಾಲು, ಮಂಟಪ ಕೊಟ್ಟವರಿಗೆ ಶಾಲು, ಮೇಳದ ಪ್ರತಿಯೊಬ್ಬರಿಗೂ ಶಾಲು. ಶಾಲು ಹೊದಿಸಿದವರಿಗೂ ಹೊದಿಸಬೇಕೆಂದು ಯಾರೋ ಹೇಳಿದರು, ಅದೂ ಆಯಿತು. ನಿರೂಪಣೆ ಮಾಡುತ್ತಿದ್ದ ತರುಣ ಮೈಕು ಹಿಡಿದು, "ಸಾಹೇಬ್ರು ಮಾತಾಡಾಕತ್ತಾರ, ಆಟದ ಸೌಂಡ್ ಎಲ್ಲಾ ಬಂದ್ ಮಾಡ್ರಿ" ಎಂದು ಕೂಗಿದ. ತಾನೇ ಇಳಿದುಬಂದು ಮೇಜು ಮೇಜಿಗೂ ಹೋಗಿ ಸ್ಪೀಕರಿನ ಗುಂಡಿ ತಿರುವಿದ. ಕಂಪ್ಯೂಟರ್ ಆಟ ಮಕ್ಕಳ ಕಣ್ಣಿಗೆ ಹೇಗೆ ಕೆಟ್ಟದ್ದು ಎಂಬುದರ ಬಗ್ಗೆ ಸಾಹೇಬರು ಬಹಳ ಹೊತ್ತು ಮಾತಾಡಿದರು.

ಆಮೇಲೆ ಮೇಳ ಹಾಡಿತು. ಅದೊಂದನ್ನು ಮಾತ್ರ ನಾನು ಕಹಿಯಿಲ್ಲದೆ ನೆನೆಯಬಲ್ಲೆ. ಗಡ್ಡದ ಹುಡುಗರು ಮೊದಲು ಸುಮ್ಮನೆ ನಿಂತಿದ್ದವರು ಮೆಲ್ಲಗೆ ಗಿಟಾರು ಸೇರಿಸಿದರು. ಭಾವ ಅವರ ಕಡೆ ಹುಬ್ಬೇರಿಸಿ ನೋಡಿ ದಪ್ಪಿನ ನಡೆ ಏರಿಸಿದ. ಹುಡುಗರು ಬೆನ್ನು ಬಿಡಲಿಲ್ಲ. ಮಂದಿ ಆಟ ಬಿಟ್ಟು ಎದ್ದು ಚಪ್ಪಾಳೆ ಹಾಕಿದರು. ಅಕ್ಕ ಹೋದ ಮೇಲೆ ಭಾವನ ಮುಖದಲ್ಲಿ ಅಂಥ ಕಳೆ ನಾನು ಕಂಡಿರಲಿಲ್ಲ. ಇದೇ ಸರಿಯಾದ ವೇಳೆ ಎಂದು ಸೊಸೆಗೆ ಸನ್ನೆ ಮಾಡಿದೆ.

ವೇದಿಕೆಯಿಂದ ಇಳಿದವನು ತಾನಾಗಿಯೇ ಮಗಳ ಮೇಜಿನ ಹತ್ತಿರ ಹೋದ. ಅಲ್ಲೊಬ್ಬ ಕಾಲೇಜು ಹುಡುಗ ಆಡುತ್ತಿದ್ದ. ಅವನ ಹಿಂದೆ ಕೈಕಟ್ಟಿ ನಿಂತು ಪಾಳಿ ಕಾದ. ಆಮೇಲೆ ಕುಳಿತ. ಸೊಸೆ ಕಂಬದ ಮರೆಗೆ ಸರಿದಳು. ನಾನು ಭಜಿಯ ಕಡೆ ನೋಡುತ್ತ ನಿಂತೆ. ಮುಖ ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಪರದೆಯ ಮೇಲೆ ಮೋಡ ಬಂತು, ಹುಡುಗಿ ಓಡಿದಳು, ತಾಡಪತ್ರಿ ಒಂದೊಂದಾಗಿ ಇಳಿದವು. ಮೊದಲ ಸಲವೇ ಗೆದ್ದ. ಗೆಲ್ಲದೆ ಏನು, ಪ್ರತಿ ವರ್ಷ ಅದನ್ನೇ ಮಾಡಿದವನು. ಪರದೆ ಕಪ್ಪಾಯಿತು. ಸ್ವಲ್ಪ ಹೊತ್ತು ಕಪ್ಪು ಪರದೆಯನ್ನು ನೋಡುತ್ತ ಕೂತು ಎದ್ದ.

ಮಗಳು ಮರೆಯಿಂದ ಬಂದಳು.

"ಚಲೋ ಐತಿ," ಅಂದ. "ತಾಡಪತ್ರಿ ಹಗ್ಗ ಎಡಕ್ಕ ಜಗ್ಗೂದು, ನೀ ಬಲಕ್ಕ ಮಾಡೀ." ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಅವಳ ಮುಖ ನೋಡಲಾಗಲಿಲ್ಲ. ನಾನು ಮೇಜಿನ ಹತ್ತಿರ ಹೋಗಿ ನೋಡಿದರೆ ಸ್ಪೀಕರಿನ ಗುಂಡಿ ಪೂರ್ತಿ ಬಂದ್. ನನ್ನ ಜೀವ ತಿರುಗಿ ಬಂತು. ನಿರೂಪಕನನ್ನು ಹಿಡಿದು ಎಲ್ಲರ ಮುಂದೆ ಬೈದೆ.

"ಅಲ್ಲೋ, ಬಂದ್ ಮಾಡಿದಾಂವಗ ಚಾಲೂ ಮಾಡೂದು ಗೊತ್ತಾಗೂದಿಲ್ಲೇನು? ಶಾಲು ಹೊದಸೂದೊಂದ ಗೊತ್ತು!"

"ಮಾಡೇನ್ರೀ ಸರ, ದೇವರಾಣಿ ಎಲ್ಲಾ ಚಾಲೂ ಮಾಡೇನಿ!"

ಅವನ ಮಾತು ಯಾರು ಕೇಳುತ್ತಾರೆ. ರಸ್ತೆಗೆ ಓಡಿದೆ. ಭಾವ ತಿಕೋಟಾದ ಬಸ್ಸಿಗೆ ಕಾಯುತ್ತಿದ್ದ. ಕೊರಳಲ್ಲಿ ಹಾರ, ಹೆಗಲ ಮೇಲೆ ಶಾಲು, ಯಾರೋ ಸನ್ಮಾನ ಮಾಡಿ ರಸ್ತೆಗೆ ತಳ್ಳಿದ ಹಾಗೆ.

"ಭಾವಾ, ಸ್ಪೀಕರ್ ಬಂದ್ ಇತ್ರಿ. ಆ ಹುಡುಗ ಬಂದ್ ಮಾಡಿ ಮರ್ತಾನ. ಕೊನೀದು ನೀವು ಕೇಳೇ ಇಲ್ಲ. ಬರ್ರಿ, ಇನ್ನೊಮ್ಮಿ ಆಡ್ರಿ."

"ಅಂವ ಅಲ್ಲ. ನಾನ ಬಂದ್ ಮಾಡಿದೆ."

ಹಾಗೆಂದು ಭಾವ ಬಸ್ಸು ಬರುವ ದಿಕ್ಕಿಗೆ ನೋಡಿದ.

"ನನಗಿಂತ ಮೊದಲ ಒಬ್ಬ ಆಡಾಕತ್ತಿದ್ದನಲ್ಲ, ಆಗ ಕೇಳಿತು ಅಕಿ ದನಿ. ಅಂವ ಭಜಿ ತಿನಕೋತ ಕುಂತಿದ್ದ. ಅಕಿ ಹಾಡಾಕತ್ತಿದ್ಲು. ಮುಗಿಯೂಕಿಂತ ಮೊದಲ ಅಂಗಿಗೆ ಕೈ ಒರಸಿಕೊಂಡು ಎದ್ದು ಹೋದ." ಭಾವ ಹಾರವನ್ನು ತೆಗೆದು ಕೈಗೆ ಸುತ್ತಿಕೊಂಡ. "ನನ್ನ ಪಾಳಿ ಬಂದಾಗ ಗುಂಡಿ ತಿರವಿಬಿಟ್ಟೆ."

"ಯಾಕ ಭಾವಾ? ಕೇಳಬೇಕಂತನ ಅಲ್ಲೇನು ಹುಡುಗಿ..."

"ತಮ್ಮಾ, ನಾ ಶೆಡ್ಡಿನೊಳಗ ಕಾಲಿಟ್ರ ನಿಮ್ಮಕ್ಕ ಹಾಡು ನಿಲ್ಲಸ್ತಿದ್ಲು. ಗಾಡಿ ದೂರ ಬಂದ್ ಮಾಡಿ ತಾಡಪತ್ರಿ ಮರಿಗೆ ನಿಂತು ಕೇಳೇನಿ, ಇಷ್ಟ ವರ್ಷ. ಒಳಗ ಹೋಗಿ ಒಂದ ದಿವಸ ಕೇಳಿಲ್ಲ. ಈಗ ಒಳಗ ಕುಂಡ್ರಿಸಿ, ಮಂದಿ ನಡುವ, ಕೇಳು ಅಂದ್ರ?"

"ಸತ್ತವರಿಗೆ ಏನು ನಾಚಿಕಿರಿ?"

"ಅಕಿಗೆ ಇಲ್ಲದಿದ್ರ ಬಿಡು, ನನಗೈತಿ. ಮಗಳು ಹಾಡು ತುಂಬ್ಕೊಂಡ್ಲಲ್ಲ, ಅವ್ವಗ ಕೇಳಿದ್ಲೇನು?"

ಕ್ರೇಟು ನೆನಪಾಯಿತು.

"ಬೈಬ್ಯಾಡ ಅಕಿಗೆ. ಆಟ ಚಲೋನ ಐತಿ. ಹಾಡೊಂದು ತಗದಬಿಡು ಅನ್ನು."

ಬಸ್ಸು ಬಂತು. ಬಾಗಿಲಲ್ಲಿ ನಿಂತ ಭಾವನಿಗೆ ಕಂಡಕ್ಟರ್, "ಸನ್ಮಾನದ ಸಾಹೇಬ್ರ, ಒಳಗ ಸರೀರಿ, ಮಂದಿ ಹತ್ತಲಿ" ಅಂದ. ಭಾವ ನಕ್ಕು ಒಳಗೆ ಸರಿದ.

ತಿರುಗಿ ಬರುವಾಗ ಸುಳ್ಳು ಹೇಳುವುದೆಂದು ಮೂರು ನಾಲ್ಕು ಬಗೆಯ ಸುಳ್ಳುಗಳನ್ನು ಜೋಡಿಸಿಕೊಂಡು ಬಂದೆ. ಆದರೆ ಅವಳು ಎದುರಿಗೆ ನಿಂತಾಗ, ಆ ಸುಳ್ಳು ಮುಂದೆ ಹೊರಬಿದ್ದರೆ ಏನು ಗತಿ ಎಂಬ ಹೆದರಿಕೆಗೆ ನಿಜವನ್ನೇ ಹೇಳಿಬಿಟ್ಟೆ. ನನ್ನ ಪ್ರಾಮಾಣಿಕತೆ ಎಲ್ಲ ಇಂಥದೇ.

ಅವಳು ಅಳಲಿಲ್ಲ. ಗಿಟಾರಿನ ಹುಡುಗರು ವೇದಿಕೆಯ ಮೇಲೆ ಕುಣಿಯುತ್ತಿದ್ದರು, ಅವರ ಸದ್ದಿನಲ್ಲಿ ಅವಳ ಮಾತು ಕೇಳಲು ಕಿವಿ ಹತ್ತಿರ ಒಯ್ಯಬೇಕಾಯಿತು.

"ಅಪ್ಪ ಹೊರಗ ನಿಂತು ಕೇಳ್ತಾನಂತ ಅವ್ವಗ ಗೊತ್ತಿತ್ತು ಮಾಮಾ. ಎಲ್ಲಾರಿಗೂ ಗೊತ್ತಿತ್ತು. ಗಾಡಿ ಬಂದ್ ಆದ ಸಪ್ಪಳ ಕೇಳಿದ್ರ ಅವ್ವ ಇನ್ನಷ್ಟು ಜೋರ ದನಿ ಎತ್ತತಿದ್ಲು. ನಾವೆಲ್ಲ ಬಾಯಿಗೆ ಸೆರಗು ಹಾಕ್ಕೊಂಡು ನಗತಿದ್ವಿ."

"ಮತ್ತ ಹೋಗಿ ಇದನ್ನ ಹೇಳು ಅವರಿಗೆ!"

"ಬ್ಯಾಡ. ಕದ್ದು ಕೇಳೇನಿ ಅಂತಾನಲ್ಲ, ಅದೊಂದಾದ್ರೂ ಅವನ ಹತ್ತರ ಇರಲಿ. ನಾ ಇಷ್ಟ ಕಸಗೊಂಡಿದ್ದು ಸಾಕು."

ಅದು ದೊಡ್ಡ ಮಾತೆಂದು ಆ ಹೊತ್ತಿಗೆ ಅನಿಸಿತ್ತು. ಈಗ ಅನಿಸುವುದಿಲ್ಲ. ಅಪ್ಪ ಮಗಳು ಇಬ್ಬರೂ ಒಬ್ಬರನ್ನೊಬ್ಬರು ಕಾಪಾಡಲು ಹೋಗಿ ಒಂದೇ ಮನೆಯಲ್ಲಿ ಬಸ್ಸಿನ ವೇಳೆ, ನೀರಿನ ಪಾಳಿ ಬಿಟ್ಟು ಬೇರೇನನ್ನೂ ಮಾತಾಡದ ಹಾಗಾಗಿದ್ದಾರೆ. ನಾನು ಹೋದಾಗ ಇಬ್ಬರೂ ನನ್ನ ಜೊತೆ ಚೆನ್ನಾಗಿಯೇ ಮಾತಾಡುತ್ತಾರೆ. ಇಬ್ಬರ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಚಹಾ ಕುಡಿದು ಬರುತ್ತೇನೆ. ಎದೆಯುರಿಗೆ ಡಾಕ್ಟರು ಚಹಾ ಬಿಡಿ ಅನ್ನುತ್ತಾರೆ.

ಆಟ ಹೊರಬಿದ್ದಿದೆ. ಹಗ್ಗ ಎಡಕ್ಕೆ ಜಗ್ಗುವ ಹಾಗೆ ತಿದ್ದಿದ್ದಾಳೆ. ಹಾಡು ತೆಗೆದಿದ್ದಾಳೆ, ತನ್ನ ಫೋನಿನಿಂದಲೂ. ನಾನು ಒಂದು ಪ್ರತಿ ಕೇಳಿದೆ, ಆ ಛತ್ರಿಯ ಸಾಲಿನದಾದರೂ. ಬೈಸಿಕೊಳ್ಳುವುದಕ್ಕಾದರೂ ಬೇಕಲ್ಲ. "ಅವ್ವಗ ಕೇಳಿ ಕೊಡ್ಲೇನು?" ಅಂದಳು.

ಆಫೀಸಿನಲ್ಲಿ ಪ್ರಾಚಾರ್ಯರು ರಜೆಯಿದ್ದಾಗ ಈಗ ಇಸ್ಪೀಟು ಬಿಟ್ಟು ಅದನ್ನೇ ಆಡುತ್ತೇನೆ. ನಾನು ಬಹಳ ಸಲ ಸೋಲುತ್ತೇನೆ, ಒಂದು ಮೂಲೆಯ ತಾಡಪತ್ರಿಯನ್ನು ಅಗತ್ಯಕ್ಕಿಂತ ಮೊದಲೇ ಇಳಿಸಲು ಹೋಗಿ ಇನ್ನೊಂದು ಮೂಲೆ ನೆನೆಯುತ್ತದೆ. ಗೆದ್ದಾಗ ಪರದೆ ಕಪ್ಪಾಗುತ್ತದೆ. ಆಟದ ಕೆಳಗೆ ಆಡಿದವರು ಬರೆದ ಅಭಿಪ್ರಾಯಗಳಿವೆ. ಎಲ್ಲೆಲ್ಲಿಯವರೋ ಬರೆದಿದ್ದಾರೆ. ಆಟ ಚಂದ ಇದೆ, ಆದರೆ ಕೊನೆಗೆ ಏನೂ ಕೇಳಿಸುವುದಿಲ್ಲ, ಕೆಟ್ಟಿರಬೇಕು, ದುರಸ್ತಿ ಮಾಡಿರಿ ಎಂದು.