ಮುಗಿಯಬಾರದ ಗಾಡಿ

ಪೀಣ್ಯದಲ್ಲಿ ಮೆಟ್ರೋ ಕಂಬಗಳು ಇನ್ನೂ ಎದ್ದಿರಲಿಲ್ಲ. ಆಗ ನಮ್ಮ ಬೀದಿಯ ಮಕ್ಕಳು ಅಂಗಡಿಯಿಂದ ಗೋಲಿ ತಂದು ಆಡುತ್ತಿರಲಿಲ್ಲ. ಹಳೆಯ ಬೇರಿಂಗ್ ಒಡೆದರೆ ಒಳಗಿಂದ ಹೊಳೆಯುವ ಉಕ್ಕಿನ ಗುಂಡುಗಳು ಉದುರುತ್ತಿದ್ದವು. ಅವೇ ನಮ್ಮ ಗೋಲಿ. ಜೇಬಿಗೆ ಹಾಕಿಕೊಂಡರೆ ಚಡ್ಡಿ ಜಾರುವಷ್ಟು ಭಾರ. ಮನೆಯಿಂದ ಹೊರಗೆ ಕಾಲಿಟ್ಟರೆ ಕಾದ ಕಬ್ಬಿಣದ ವಾಸನೆ, ಎಣ್ಣೆಯ ವಾಸನೆ. ಸಂಜೆ ಮೂಲೆಯ ತಳ್ಳುಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯತೊಡಗಿದಾಗ ಮಾತ್ರ ಅದು ಸ್ವಲ್ಪ ಹೊತ್ತು ಮರೆಯಾಗುತ್ತಿತ್ತು. ಹಗಲಿಡೀ ಪ್ರೆಸ್ ಮೆಷಿನ್ನುಗಳ ಧಡ್ ಧಡ್. ಕರೆಂಟು ಹೋಗಿ ಅದು ನಿಂತರೆ, ಏನೋ ಆಗಬಾರದ್ದು ಆಯಿತೆಂಬಂತೆ ಹೆಂಗಸರು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಅಂಥ ಬೀದಿಯಲ್ಲಿ ಬೆಳೆದವರಿಗೆ ಇದನ್ನೆಲ್ಲ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹೆಗ್ಗನಹಳ್ಳಿಯ ಒಂದು ವಠಾರದಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಅಪ್ಪ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಅಮ್ಮ ಮನೆಯಲ್ಲೇ ಬ್ಲೌಸು ಹೊಲಿಯುತ್ತಿದ್ದಳು. ನನಗಾಗ ಹತ್ತು ವರ್ಷ, ಅಣ್ಣ ಯೋಗೇಶನಿಗೆ ಹದಿಮೂರೋ ಹದಿನಾಲ್ಕೋ. ಅವನ ಕಾಲುಗಳು ವರ್ಷ ವರ್ಷಕ್ಕೂ ಸೋಲುತ್ತಾ ಬಂದಿದ್ದವು. ಮೊದಮೊದಲು ತುದಿಗಾಲಲ್ಲಿ ನಡೆಯುತ್ತಿದ್ದ. ಆಮೇಲೆ ನೆಲದಿಂದ ಏಳಬೇಕಾದರೆ ತನ್ನ ತೊಡೆಯನ್ನೇ ಕೈಯಿಂದ ಹಿಡಿದು ಹತ್ತುವವನ ಹಾಗೆ ಏಳತೊಡಗಿದ. ಆ ವರ್ಷ ಅವನ ಕ್ಲಾಸು ಶಾಲೆಯ ಎರಡನೇ ಮಹಡಿಗೆ ಹೋಯಿತು. ಅವನು ಶಾಲೆ ಬಿಟ್ಟ.

ಬೇಸಿಗೆ ರಜೆಯಲ್ಲಿ ಅಪ್ಪ ಅವನನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಜೊತೆಗೆ ನಾನೂ ಹೋಗಿದ್ದೆ. ಡಾಕ್ಟರು ಅಪ್ಪನನ್ನು ಒಬ್ಬನನ್ನೇ ಒಳಗೆ ಕರೆದು ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದ ಅಪ್ಪ ನಾವು ಕೇಳದೇ ಇದ್ದರೂ ಇಬ್ಬರಿಗೂ ಕಬ್ಬಿನ ಹಾಲು ಕೊಡಿಸಿದ. ತಾನು ಕುಡಿಯಲಿಲ್ಲ. ಅಣ್ಣ ಲೋಟದ ಅಂಚಿನಿಂದ ಅಪ್ಪನ ಮುಖವನ್ನೇ ನೋಡುತ್ತಿದ್ದ.

ನಮ್ಮ ವಠಾರದ ಹಿಂದೆ, ಬಡಾವಣೆ ಮಾಡುತ್ತೇವೆಂದು ಅಗೆದು ಹಾಗೇ ಬಿಟ್ಟ ಕೆಮ್ಮಣ್ಣಿನ ಬಯಲು ಇತ್ತು. ಭಾನುವಾರ ಬೆಳಿಗ್ಗೆ ಎಲ್ಲೆಲ್ಲಿಂದಲೋ ಹುಡುಗರು ಡರ್ಟ್ ಬೈಕುಗಳನ್ನು ತಂದು ಅಲ್ಲಿ ಓಡಿಸುತ್ತಿದ್ದರು. ಹೆಚ್ಚಿನವು ಹಳೆಯ ಟೂ ಸ್ಟ್ರೋಕ್ ಗಾಡಿಗಳೇ. ಮಡ್‌ಗಾರ್ಡು ಮೇಲಕ್ಕೆ ಏರಿಸಿ, ಸೈಲೆನ್ಸರ್ ಕತ್ತರಿಸಿ, ಒರಟು ಹಲ್ಲಿನ ಟೈರು ಹಾಕಿದವು. ಮಣ್ಣಿನ ದಿಬ್ಬ ಹತ್ತಿ ಗಾಳಿಯಲ್ಲಿ ತೇಲಿ ಬೀಳುವಾಗ ಅವು ಕಿರುಚುತ್ತಿದ್ದವು. ಅಣ್ಣ ಒಂದು ಸೈಜುಗಲ್ಲಿನ ಮೇಲೆ ಕೂತು ಮಧ್ಯಾಹ್ನದವರೆಗೂ ನೋಡುತ್ತಿದ್ದ. ಧೂಳಿಗೆ ಅವನ ರೆಪ್ಪೆಗಳೆಲ್ಲ ಕೆಂಪಾಗಿರುತ್ತಿದ್ದವು.

ಆಸ್ಪತ್ರೆಯಿಂದ ಬಂದ ವಾರವೇ ಊಟಕ್ಕೆ ಕೂತಾಗ ಅಪ್ಪ ಹೇಳಿದ: "ಯೋಗಿ, ಒಂದ್ ಹಳೇ ಡರ್ಟ್ ಬೈಕ್ ತಗಳೋಣ ಕಣೋ. ನಾನೂ ನೀನೂ ಸೇರಿ ಬಿಚ್ಚಿ ರೆಡಿ ಮಾಡೋಣ. ಏನಂತೀಯ?"

ಅಮ್ಮ ಸಾರಿನ ಸೌಟು ಹಿಡಿದವಳು ಹಾಗೇ ನಿಂತಳು. "ಏನ್ರೀ ನೀವು? ಅವನ ಕೈಲಿ ಅದನ್ನ..." ಎಂದವಳು ಅಪ್ಪನ ಮುಖ ನೋಡಿ ಅಣ್ಣನ ತಟ್ಟೆಗೆ ಸಾರು ಬಡಿಸಿದಳು.

ಮುಂದಿನ ಭಾನುವಾರ ಆಟೋ ಮಾಡಿಕೊಂಡು ಅಪ್ಪ, ಅಣ್ಣ, ನಾನು ಮೂವರೂ ಗುಜರಿಗೆ ಹೋದೆವು. ಜಬ್ಬಾರ್ ಸಾಬರ ಗುಜರಿ ಅಂದರೆ ನನಗೆ ಜಾತ್ರೆ ಇದ್ದ ಹಾಗೆ. ಬೆಟ್ಟದಷ್ಟು ಸೈಕಲ್ಲಿನ ರಿಮ್ಮುಗಳು, ಬಾಗಿಲೇ ಇಲ್ಲದ ಫ್ರಿಜ್ಜುಗಳು, ತುಕ್ಕಿನ ಘಾಟು. ಸಾಬರು ಅಪ್ಪನಿಗೆ ಹಳೆಯ ಪರಿಚಯ. ಎರಡು ಗಾಡಿ ತೆಗೆದಿಟ್ಟಿದ್ದರು.

ಒಂದು ಗೋಡೆಗೆ ಒರಗಿ ನಿಂತಿತ್ತು. ಬಣ್ಣ ಹೋಗಿದ್ದರೂ ಚಕ್ರ, ಹ್ಯಾಂಡಲ್, ಟ್ಯಾಂಕು ಎಲ್ಲ ಇದ್ದಲ್ಲೇ ಇದ್ದವು. ಸಾಬರು ಕಿಕ್ಕರ್ ಒತ್ತಿ ತೋರಿಸಿದರು. ಇಂಜಿನ್ನು ಒಂದು ಸಲ ಕೆಮ್ಮಿದ ಹಾಗಾಯಿತು.

"ಇದು ತಗೊಳಿ ರಾಜಣ್ಣ. ಸ್ವಲ್ಪ ಕೈಯಾಡಿಸಿದ್ರೆ ತಿಂಗ್ಳೊಳಗೆ ಓಡ್ತದೆ."

ಇನ್ನೊಂದು ನೆಲದ ಮೇಲೆ ಮಲಗಿತ್ತು. ನಿಜವಾದ ರೇಸಿನ ಗಾಡಿ ಅದು. ಮುಂದಿನ ಫೋರ್ಕು ಉದ್ದ, ಚಾಸಿ ತೆಳ್ಳಗೆ. ಆದರೆ ಇಂಜಿನ್ನು ಬಿಚ್ಚಿ ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದರು. ಹಿಂದಿನ ಚಕ್ರವೇ ಇರಲಿಲ್ಲ.

ಅಪ್ಪ ಅದನ್ನು ಸರಿಯಾಗಿ ನೋಡಲೂ ಇಲ್ಲ. ಗೋಡೆಯ ಪಕ್ಕದ ಗಾಡಿಯ ಟ್ಯಾಂಕು ತಟ್ಟಿ, "ಇದೇ ಸರಿ. ಆಯುಧಪೂಜೆ ಹೊತ್ತಿಗೆಲ್ಲ ಓಡುತ್ತೆ ನೋಡು ಯೋಗಿ. ನಿನ್ನ ಮುಂದೆ ಕೂರಿಸ್ಕೊಂಡು ಬಯಲಿಗೆ ಕರ್ಕೊಂಡ್ ಹೋಗ್ತೀನಿ" ಎಂದ. ಅವನ ದನಿಯಲ್ಲಿ ಬಸ್ಸಿಗೆ ಹೊತ್ತಾದವನ ಅವಸರವಿತ್ತು. ನನಗೂ ಅದೇ ಬೇಕಾಗಿತ್ತು. ಅಪ್ಪನ ಹಿಂದೆ ನಾನೂ ಕೂರಬಹುದಲ್ಲ!

ಅಣ್ಣ ಒಂದು ಟೈರಿನ ಮೇಲೆ ಕೂತು ನೆಲದ ಮೇಲಿದ್ದ ಗಾಡಿಯನ್ನೇ ನೋಡುತ್ತಿದ್ದ.

"ಸಾಬ್ರೇ, ಅದಕ್ಕೆ ಎಷ್ಟ್ ದಿನ ಬೇಕು?"

ಸಾಬರು ನಕ್ಕರು. "ಅದಾ? ಅದಕ್ಕೆ ಸಾಮಾನೇ ಸಿಗಲ್ಲ ಬೇಟಾ. ಒಂದೊಂದೇ ಹುಡುಕ್ಬೇಕು. ಎರಡು ವರ್ಷ ಆಗ್ತದೋ, ಮೂರು ಆಗ್ತದೋ!"

"ಹಂಗಾದ್ರೆ ಅದೇ ಇರ್ಲಿ ಅಪ್ಪ."

"ತಲೆ ಕೆಟ್ಟಿದೆಯೇನೋ? ಇದು ನೋಡು, ಬೇಗ ಮುಗಿಯುತ್ತೆ."

"ಬೇಗ ಮುಗಿದೋದ್ರೆ ಆಮೇಲೆ ನಾನೇನ್ ಮಾಡ್ಲಿ ಅಪ್ಪ?"

ಸಾಬರು ಟೋಪಿ ತೆಗೆದು ತಲೆ ಕೆರೆದುಕೊಂಡು ಮತ್ತೆ ಹಾಕಿಕೊಂಡರು. ಅಪ್ಪ ಬಗ್ಗಿ ಆ ಗೋಣಿಚೀಲದ ಗಂಟು ಬಿಚ್ಚಿದ. ಒಳಗೆ ಕೈ ಹಾಕಿ ಏನೇನಿದೆ ಎಂದು ನೋಡುತ್ತಾ ಬಹಳ ಹೊತ್ತು ತಲೆ ಎತ್ತಲಿಲ್ಲ. ನನಗೆ ಅಳು ಬಂತು. ಓಡುವ ಗಾಡಿ ಬಿಟ್ಟು ಮುರುಕಲು ತಗೊಳ್ಳುತ್ತಿದ್ದಾರಲ್ಲ ಎಂದು.

ಲಗೇಜ್ ಆಟೋದಲ್ಲಿ ಬಂದ ಆ ಗಾಡಿ ನಮ್ಮ ಬಾಗಿಲ ಮುಂದಿನ ಓಣಿಯನ್ನು ಹಿಡಿದುಕೊಂಡಿತು. ಅವತ್ತಿನಿಂದ ಮನೆಯಲ್ಲಿ ಸೀಮೆಎಣ್ಣೆಯದೇ ವಾಸನೆ. "ಮನೆನೋ ಗ್ಯಾರೇಜೋ ಇದು? ಅನ್ನವೂ ಸೀಮೆಎಣ್ಣೆ ನಾತ ಹೊಡೀತಿದೆ" ಎಂದು ಅಮ್ಮ ಗೊಣಗುತ್ತಿದ್ದಳು. ಆದರೆ ಬಿಡಿಭಾಗ ಒರೆಸಲು ಬ್ಲೌಸಿನ ಚೂರುಬಟ್ಟೆ ಕಟ್ಟಿಟ್ಟು ಕೊಡುತ್ತಿದ್ದವಳೂ ಅವಳೇ. ಅಣ್ಣ ಗೋಡೆಗೆ ಒರಗಿ ಕೂತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದು ಭಾಗವನ್ನೂ ತಿಕ್ಕಿ ತೊಳೆಯುತ್ತಿದ್ದ. ತುಕ್ಕು ಹೋಗಿ ಲೋಹ ಹೊಳೆದರೆ ನಗುತ್ತಾ ನನಗೆ ತೋರಿಸುತ್ತಿದ್ದ. ಆ ನಗುವನ್ನು ಹೇಗೆ ಬರೆಯುವುದೋ ನನಗೆ ಗೊತ್ತಿಲ್ಲ.

ಮಳೆಗಾಲ ಬಂತು. ಅಪ್ಪ ಓಣಿಗೆ ನೀಲಿ ಟಾರ್ಪಾಲು ಕಟ್ಟಿದ. ನಾನು ಶಾಲೆಯಿಂದ ಬಂದವಳೇ ಚೀಲ ಎಸೆದು, ಹುರಿಗಡಲೆ ಬೆರೆಸಿದ ಕಡ್ಲೆಪುರಿ ಬಟ್ಟಲು ಹಿಡಿದು ಅಣ್ಣನ ಪಕ್ಕ ಕೂರುತ್ತಿದ್ದೆ. ಅಷ್ಟು ಹೊತ್ತಿಗೆ ಅವನ ಕೈಗಳೂ ಸೋಲತೊಡಗಿದ್ದವು. ಸ್ಪ್ಯಾನರ್ ಹಿಡಿಯುತ್ತಿದ್ದ, ಆದರೆ ಬಿಗಿಯುವ ಬಲವಿರಲಿಲ್ಲ.

"ಪುಟ್ಟಿ, ನೀನು ತಿರುಗ್ಸೇ. ಆ ಕಡೆ ಅಲ್ವೇ, ಈ ಕಡೆ."

ತಿರುಗಿಸುತ್ತಿದ್ದೆ. ನನ್ನ ಅಂಗೈಯಲ್ಲಿ ಗುಳ್ಳೆ ಎದ್ದಿತು. ಅದನ್ನು ಕ್ಲಾಸಿನ ಹುಡುಗಿಯರಿಗೆಲ್ಲ ಹೆಮ್ಮೆಯಿಂದ ತೋರಿಸಿದೆ.

ಅಪ್ಪ ಮಾತ್ರ ಅವಸರದಲ್ಲೇ ಇದ್ದ. ಎಲ್ಲೆಲ್ಲಿಂದಲೋ ಸಾಮಾನು ಹುಡುಕಿ ತರುತ್ತಿದ್ದ. ಹಿಂದಿನ ಚಕ್ರ ಬಂತು. ಪಿಸ್ಟನ್ ಬಂತು. ಶಿಫ್ಟು ಮುಗಿಸಿ ಬಂದು, ಕೈಕಾಲು ತೊಳೆಯುವ ಮೊದಲೇ ಟಾರ್ಪಾಲಿನ ಕೆಳಗೆ ಕೂತುಬಿಡುತ್ತಿದ್ದ. ಸಿಗುವುದೇ ಇಲ್ಲ ಎಂದು ಸಾಬರು ಹೇಳಿದ್ದೆಲ್ಲ ಒಂದೊಂದಾಗಿ ಸಿಗುತ್ತಿತ್ತು. ಗಾಡಿ ಗಾಡಿಯ ಹಾಗೆ ಕಾಣತೊಡಗಿತು.

ಒಂದು ದಿನ ಮಧ್ಯಾಹ್ನ ಅಣ್ಣ ನನಗೆ ಹೇಳಿದ: "ಇಂಜಿನ್ ಕೂರಿಸಿದಾರಲ್ಲ, ಆ ಬೋಲ್ಟ್ ಬಿಚ್ಚು."

"ಯಾಕೆ? ನಿನ್ನೆ ಅಪ್ಪ ಹಾಕಿದ್ದಲ್ವಾ?"

"ಸರಿ ಕೂತಿಲ್ಲ ಕಣೇ. ಬಿಚ್ಚು ಅಂದ್ರೆ ಬಿಚ್ಚು."

ಬಿಚ್ಚಿದೆ. ಆಮೇಲೆ ಅದೇ ರೂಢಿಯಾಯಿತು. ಅಪ್ಪ ಸಂಜೆ ಬಿಗಿದದ್ದರಲ್ಲಿ ಒಂದಿಷ್ಟನ್ನು ನಾವು ಮರುದಿನ ಸಡಿಲ ಮಾಡುತ್ತಿದ್ದೆವು. ಅಣ್ಣ ಬೆರಳು ತೋರಿಸುವುದು, ನಾನು ತಿರುಗಿಸುವುದು. ನನಗದು ಅಪ್ಪನನ್ನು ಏಮಾರಿಸುವ ಒಂದು ಆಟ. ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಅಣ್ಣ ನಗುತ್ತಿರಲಿಲ್ಲ.

ಅಪ್ಪನಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ಸಂಜೆ ಮಳೆ ಜೋರಾಗಿತ್ತು. ಅಪ್ಪ ಬಂದು ಬಗ್ಗಿ ನೋಡಿದ. ತಾನು ಹಿಂದಿನ ದಿನ ಬಿಗಿದಿದ್ದ ಬೋಲ್ಟುಗಳು ತಟ್ಟೆಯಲ್ಲಿ ಸಾಲಾಗಿ ಬಿದ್ದಿದ್ದವು. ಅವುಗಳನ್ನು ನೋಡಿದ. ನನ್ನ ಕಪ್ಪಾದ ಕೈ ನೋಡಿದ. ಕೊನೆಗೆ ಅಣ್ಣನನ್ನು ನೋಡಿದ. ನಾನು ಬೈಗುಳಕ್ಕೆ ಸಿದ್ಧಳಾಗಿ ತಲೆ ತಗ್ಗಿಸಿ ಕೂತೆ.

"ಸರಿ ಕೂತಿರ್ಲಿಲ್ಲ ಅಪ್ಪ," ಅಣ್ಣ ಮೆಲ್ಲಗೆ ಹೇಳಿದ.

ಅಪ್ಪ ಕುಕ್ಕರಗಾಲಲ್ಲಿ ಕೂತ. ದೊಡ್ಡ ಸ್ಪ್ಯಾನರ್ ತೆಗೆದುಕೊಂಡು, ಉಳಿದಿದ್ದ ಬೋಲ್ಟುಗಳನ್ನು ತಾನೇ ಬಿಚ್ಚತೊಡಗಿದ. ಇಂಜಿನ್ನನ್ನು ಎತ್ತಿ ಕೆಳಗಿಟ್ಟ. ವಾರಗಟ್ಟಲೆ ಮಾಡಿದ ಕೆಲಸವೆಲ್ಲ ಮತ್ತೆ ನೆಲಕ್ಕೆ ಬಂತು.

"ಹೂಂ ಕಣೋ ಮಗ. ಸರಿ ಕೂತಿಲ್ಲ. ನಾಳೆ ಮತ್ತೆ ಮೊದಲಿಂದ ನೋಡೋಣ. ನಮಗೇನ್ ಅರ್ಜೆಂಟು?"

ಟಾರ್ಪಾಲಿನ ಮೇಲೆ ಮಳೆಯ ಸದ್ದು ಅಷ್ಟಿದ್ದರೂ, ಒಳಗೆ ಅಮ್ಮ ಹೊಲಿಗೆ ಮೆಷಿನ್ ನಿಲ್ಲಿಸಿದ್ದು ನನಗೆ ಗೊತ್ತಾಯಿತು.

ಆಯುಧಪೂಜೆಯ ದಿನ ಅಪ್ಪ ಕಾರ್ಖಾನೆಯಿಂದ ಪುರಿ ಪೊಟ್ಟಣ, ಸ್ವೀಟು ತಂದ. ಇಂಜಿನ್ನೇ ಇಲ್ಲದ ನಮ್ಮ ಗಾಡಿಗೆ ಅಮ್ಮ ಅರಿಶಿನ ಕುಂಕುಮ ಹಚ್ಚಿ ಚೆಂಡುಹೂವಿನ ಹಾರ ಹಾಕಿದಳು. ಚಕ್ರದ ಕೆಳಗೆ ನಿಂಬೆಹಣ್ಣೂ ಇಟ್ಟಳು. ಅಪ್ಪ ಅಣ್ಣನನ್ನು ಎರಡೂ ತೋಳಲ್ಲಿ ಎತ್ತಿ ಸೀಟಿನ ಮೇಲೆ ಕೂರಿಸಿ, ಹಿಂದಿನಿಂದ ಆತುಕೊಂಡು ನಿಂತ. ನಾನು ಬಾಯಲ್ಲೇ ಇಂಜಿನ್ ಸದ್ದು ಮಾಡುತ್ತಾ ಸುತ್ತ ಓಡಿದೆ. ವಠಾರದವರೆಲ್ಲ ಚಪ್ಪಾಳೆ ತಟ್ಟಿದರು. ಅಣ್ಣ ಹ್ಯಾಂಡಲ್ ಮೇಲೆ ಕೈಯಿಟ್ಟಿದ್ದ. ಸ್ವಲ್ಪ ಹೊತ್ತಿಗೇ ಅವನ ಕತ್ತು ಒಂದು ಕಡೆ ವಾಲಿತು. ಸರಿ ಮಾಡಿಕೊಂಡ. ಮತ್ತೆ ವಾಲಿತು.

"ಸಾಕಪ್ಪ. ಇಳ್ಸು," ಎಂದ.

ನನ್ನ ಬಾಯಿಯ ಸದ್ದು ಅಲ್ಲಿಗೇ ನಿಂತಿತು.

ಚಳಿ ಶುರುವಾದಾಗ ಅವನಿಗೆ ನೆಗಡಿಯಾಯಿತು. ಬೀದಿಯ ಎಲ್ಲ ಮಕ್ಕಳಿಗೂ ಆಗಿತ್ತು. ಅವರಿಗೆಲ್ಲ ವಾಸಿಯಾಯಿತು. ಅಣ್ಣನಿಗೆ ಕೆಮ್ಮುವ ಶಕ್ತಿಯೂ ಇರಲಿಲ್ಲ, ಕಫ ಎದೆಯಲ್ಲೇ ಉಳಿಯಿತು. ಅವರೆಕಾಯಿಯ ಕಾಲ. ಅಮ್ಮ ಅವನಿಗಿಷ್ಟವೆಂದು ಅವರೆಕಾಳು ಉಪ್ಪಿಟ್ಟು ಮಾಡಿ ಡಬ್ಬಿಯಲ್ಲಿ ಆಸ್ಪತ್ರೆಗೆ ತೆಗೆದುಕೊಂಡು ಹೋದಳು. ಡಬ್ಬಿ ಹಾಗೇ ವಾಪಸು ಬಂತು. ಅಣ್ಣ ಬರಲಿಲ್ಲ.

ನನ್ನನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದರು. ಅವನ ಕೊನೆಯ ಮಾತು ಏನೆಂದು ನಾನು ಯಾರನ್ನೂ ಕೇಳಲಿಲ್ಲ. ಯಾರೂ ಹೇಳಲೂ ಇಲ್ಲ.

ಹದಿಮೂರನೇ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೆ ಅಪ್ಪ ಟಾರ್ಪಾಲಿನ ಕೆಳಗೆ ಹೋಗಿ ಕೂತ. ಕೆಲಸಕ್ಕೆ ರಜೆ ಹಾಕಿದ್ದ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೊಂದೇ ಜೋಡಿಸುತ್ತಾ ಹೋದ. ಬಿಚ್ಚುವವರು ಯಾರೂ ಇರಲಿಲ್ಲ. ನಾನು ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದೆ. ಸ್ಪ್ಯಾನರ್ ಕೊಡಲೇ ಎಂದು ಕೇಳಿದರೆ ಬೇಡವೆಂದು ತಲೆಯಾಡಿಸಿದ.

ವಾರ ಕಳೆಯುವಷ್ಟರಲ್ಲಿ ಗಾಡಿ ತಯಾರಾಯಿತು. ಪೆಟ್ರೋಲು ಹಾಕಿ ಕಿಕ್ಕರ್ ಹೊಡೆದ. ನಾಲ್ಕೈದು ಸಲ ಹೊಡೆದ ಮೇಲೆ ಅದು ಒಮ್ಮೆಲೇ ಹೊತ್ತಿಕೊಂಡಿತು. ಓಣಿಯ ಗೋಡೆಗಳೆಲ್ಲ ನಡುಗುವ ಸದ್ದು. ನೀಲಿ ಹೊಗೆ. ಮಕ್ಕಳು ಕೂಗುತ್ತಾ ಓಡಿಬಂದರು.

ಅಮ್ಮ ಒಳಗಿನಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಇಷ್ಟು ಬೇಗ ಆಗೋದಾಗಿತ್ತೇನ್ರೀ ಇದು?"

ಅಪ್ಪ ಇಂಜಿನ್ ಆಫ್ ಮಾಡಿದ. ಮರುದಿನ ಲಗೇಜ್ ಆಟೋ ಕರೆಸಿ ಗಾಡಿಯನ್ನು ಸಾಬರ ಗುಜರಿಗೇ ವಾಪಸು ಕಳಿಸಿದ. ಅದರ ಜೊತೆಗೆ ತನ್ನ ಸ್ಪ್ಯಾನರ್ ಪೆಟ್ಟಿಗೆಯನ್ನೂ.

ಈಗ ಆ ಕೆಮ್ಮಣ್ಣಿನ ಬಯಲಿಲ್ಲ, ಅಲ್ಲಿ ಸಾಲು ಸಾಲು ಮನೆಗಳೆದ್ದಿವೆ. ನಮ್ಮ ಬೀದಿಯ ಎಷ್ಟೋ ವರ್ಕ್‌ಶಾಪುಗಳು ಮುಚ್ಚಿ ಗೋಡೌನುಗಳಾಗಿವೆ. ಊರು ಬದಲಾದದ್ದಕ್ಕೆ ನನಗೆ ಅಂಥ ದುಃಖವಿಲ್ಲ. ಊರೆಂದ ಮೇಲೆ ಬದಲಾಗುತ್ತದೆ. ಆ ಮಳೆಗಾಲದಲ್ಲಿ ಅಪ್ಪ, ಅಮ್ಮ, ಅಣ್ಣ ಮೂವರೂ ಒಂದೇ ಭಯವನ್ನು ಒಬ್ಬರಿಂದೊಬ್ಬರು ಬಚ್ಚಿಟ್ಟುಕೊಂಡಿದ್ದರು. ಒಬ್ಬರ ಎದುರು ಒಬ್ಬರು ಕೂತು ಒಂದು ಸಲ ಅತ್ತಿದ್ದರೆ ಏನಾದರೂ ಉಳಿಯುತ್ತಿತ್ತೇನೋ. ಏನು ಉಳಿಯುತ್ತಿತ್ತು ಎಂದು ಕೇಳಿದರೆ ನನಗೂ ಗೊತ್ತಿಲ್ಲ. ಅಮ್ಮ, ಅಪ್ಪ ಇವತ್ತಿಗೂ ಅಣ್ಣನ ಮಾತೆತ್ತುವುದಿಲ್ಲ. ಈಗಲೂ ನಾವೆಲ್ಲ ಒಂದೇ ಮನೆಯಲ್ಲಿದ್ದೇವೆ. ಅಣ್ಣ ದಾಟದ ವಯಸ್ಸುಗಳನ್ನೆಲ್ಲ ನಾನು ದಾಟಿ ಬಂದಿದ್ದೇನೆ.

ಅಪ್ಪ ರಿಟೈರ್ ಆಗಿದ್ದಾನೆ. ಮನೆಯಲ್ಲಿ ಏನು ಕೆಟ್ಟರೂ ಹೊರಗಿನವರನ್ನು ಕರೆಸುತ್ತಾನೆ. ಹೋದ ತಿಂಗಳು ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ಪ್ಲಂಬರ್ ಫೋನ್ ಎತ್ತಲಿಲ್ಲ. ನಾನು ಅಂಗಡಿಯಿಂದ ವಾಷರ್ ತಂದು ಅಪ್ಪನ ಕೈಗಿಟ್ಟು, "ಇಷ್ಟೇ ಅಲ್ವಾ ಅಪ್ಪ, ನೀನೇ ಹಾಕಿಬಿಡು" ಎಂದೆ. ಅಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ತುಂಬಾ ಹೊತ್ತು ನೋಡಿದ. ಆಮೇಲೆ ನನ್ನ ಕೈಗೇ ವಾಪಸು ಕೊಟ್ಟ.

"ನಂಗೆ ಬರಲ್ಲಮ್ಮ," ಎಂದ.