ಸೈಕಲ್ ಹಿಡಿಯುವ ಗಾಡಿ

ಕಾರು ನೋಡಲು ಹೋದವಳು ಜೊತೆಗೊಂದು ಸೈಕಲ್ ಒಯ್ದೆ ಎಂಬುದೇ ನನ್ನ ಅಪರಾಧವಾಗಿತ್ತು. ಷೋರೂಮಿನ ಗಾಜಿನ ಬಾಗಿಲ ಬಳಿ ನಿಂತಿದ್ದ ಕಾವಲುಗಾರ ಸೈಕಲ್ಲನ್ನು ಹೊರಗೇ ಬಿಡಬೇಕೆಂದ. ಅಷ್ಟರಲ್ಲಿ ಟೈ ಕಟ್ಟಿದ ತರುಣನೊಬ್ಬ ಒಳಗಿಂದ ಓಡಿ ಬಂದು, ನನ್ನನ್ನು ದಾಟಿ, ನನ್ನ ಗಂಡನ ಕೈ ಕುಲುಕಿ, "ಬನ್ನಿ ಸರ್, ಯಾವ ಮಾಡೆಲ್ ನೋಡ್ತೀರಾ ಸರ್?" ಎಂದ. ನನ್ನ ಗಂಡ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವರು, ಗಾಡಿ ಓಡಿಸಲು ಅವರಿಗೆ ಬರುವುದಿಲ್ಲ. ಲೈಸೆನ್ಸ್ ಇರುವುದು ನನ್ನ ಹೆಸರಿನಲ್ಲಿ, ಗಾಡಿ ಬೇಕಾಗಿರುವುದು ನನ್ನ ದಂಧೆಗೆ. ಅವರು ನನ್ನ ಕಡೆ ಕೈ ಮಾಡಿ, "ಅವರನ್ನ ಕೇಳ್ರಿ" ಎಂದರು. ಆ ತರುಣ ನನ್ನತ್ತ ತಿರುಗಿ ಹಲ್ಲು ಬಿಟ್ಟ. "ಮೇಡಮ್, ಕಲರ್ ನೀವೇ ಸೆಲೆಕ್ಟ್ ಮಾಡಿ."

ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತು ವರ್ಷ ಹಂಚಿನ ಮುಂದೆ ಕೂತು ರೊಟ್ಟಿ ಬಡಿದು ಇಲ್ಲಿಯವರೆಗೆ ಬಂದವಳಿಗೆ ಇವನು ಬಣ್ಣ ಆರಿಸುವ ಕೆಲಸ ಕೊಟ್ಟಿದ್ದಾನೆ!

"ಬಣ್ಣ ಆಮ್ಯಾಲ ನೋಡೂಣ್ರಿ," ಎಂದೆ. "ಪೈಲಾ ಈ ಸೈಕಲ್ ಹಿಡೀತದೋ ಇಲ್ಲೋ ಅದನ್ನ ತೋರಸ್ರಿ."

ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ನಾನೂ ಇನ್ನು ಮೂವರು ಹೆಣ್ಣುಮಕ್ಕಳೂ ಜೋಳದ ಖಡಕ್ ರೊಟ್ಟಿ ಮಾಡುತ್ತೇವೆ. ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿದ ಈ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಆದರೆ ಸ್ವಲ್ಪ ಕುಲುಕಾಡಿದರೂ ಚೂರಾಗುತ್ತದೆ. ಕಲಬುರಗಿಯ ಹಾಸ್ಟೆಲುಗಳಿಗೆ, ರೋಜಾ ಬಡಾವಣೆಯ ಕಡೆಯ ಅಂಗಡಿಗಳಿಗೆ, ಕಮಲಾಪುರದ ಮದುವೆ ಮನೆಗಳಿಗೆ ನಮ್ಮ ರೊಟ್ಟಿ ಹೋಗುತ್ತದೆ. ಆಟೋದಲ್ಲಿ ಕಳಿಸಿದಾಗಲೆಲ್ಲ ತಲುಪುವಷ್ಟರಲ್ಲಿ ಡಬ್ಬಿಯ ತಳದಲ್ಲಿ ಬರೀ ನುಚ್ಚು. ಮನೆಯಲ್ಲಿ ಅತ್ತೆಯಿದ್ದಾರೆ. ಮೊಣಕಾಲು ನೋವಿನಿಂದ ಅವರಿಗೆ ಆಟೋ ಹತ್ತುವುದೆಂದರೆ ಶಿಕ್ಷೆ. ಆದರೆ ಇವೆರಡಕ್ಕೂ ಹೇಗೋ ದಾರಿ ಕಂಡುಕೊಂಡಿದ್ದೆವು. ಗಾಡಿ ಬೇಕೇಬೇಕು ಎಂದಾಗಿದ್ದು ಮಗಳಿಂದ.

ಅವಳು ಹತ್ತನೆಯ ತರಗತಿ. ಸರ್ಕಾರಿ ಶಾಲೆಯಲ್ಲಿ ಕೊಟ್ಟ ಸೈಕಲ್ಲಿನ ಮೇಲೆ ಹುಚ್ಚು ಹತ್ತಿಸಿಕೊಂಡು, ಈಗ ತೆಳ್ಳನೆಯ ಟೈರಿನ ರೇಸ್ ಸೈಕಲ್ಲಿಗೆ ಬಂದು ನಿಂತಿದ್ದಾಳೆ. ಅದು ವಿಜಯಪುರದ ಹುಡುಗಿಯೊಬ್ಬಳು ತುಳಿದು ಬಿಟ್ಟದ್ದು. ಕಳೆದ ವರ್ಷ ರಿಂಗ್ ರೋಡಿನಲ್ಲಿ ಟೆಂಪೊ ಒಂದು ಮಗಳನ್ನು ಸವರಿಕೊಂಡು ಹೋಯಿತು. ಮೊಣಕೈ ತರಚಿತು, ಅಷ್ಟೇ. ಆದರೆ ಅವಳಪ್ಪ ಅಂದೇ ತೀರ್ಪು ಕೊಟ್ಟುಬಿಟ್ಟರು. "ಊರೊಳಗ ತುಳಿಯಂಗಿಲ್ಲ. ಗಾಡ್ಯಾಗ ಹಾಕ್ಕೊಂಡು ಊರ ಹೊರಗ ಒಯ್ಯೂದಾದ್ರ ಒಯ್ಯಿ. ಇಲ್ಲಾಂದ್ರ ಬಂದ್."

ಕಮಲಾಪುರದ ಆಚೆ ತೊಗರಿ ಹೊಲಗಳ ನಡುವೆ ಖಾಲಿ ರಸ್ತೆಗಳಿವೆ. ಅಲ್ಲಿನ ದೈಹಿಕ ಶಿಕ್ಷಕರೊಬ್ಬರು ಭಾನುವಾರ ನಾಲ್ಕೈದು ಮಕ್ಕಳಿಗೆ ಕಲಿಸುತ್ತಾರೆ. ಬಸ್ಸಿನ ಮೇಲೆ ಸೈಕಲ್ ಹಾಕಿ ನೋಡಿದೆವು. ಎರಡನೆಯ ಸಲಕ್ಕೇ ಹ್ಯಾಂಡಲ್ ಸೊಟ್ಟಾಗಿ ಬಂತು. ಆಮೇಲೆ ಮಗಳು ಭಾನುವಾರ ಬೆಳಿಗ್ಗೆ ಸೈಕಲ್ಲನ್ನು ಅಂಗಳದಲ್ಲಿ ತಲೆಕೆಳಗೆ ನಿಲ್ಲಿಸಿ, ಗಾಲಿ ತಿರುಗಿಸಿ ತಿರುಗಿಸಿ ಒರೆಸುತ್ತಿದ್ದಳು. ಅದನ್ನು ನೋಡಲು ನನ್ನಿಂದ ಆಗಲಿಲ್ಲ. ಸೈಕಲ್ ಹಿಡಿಯುವ ಗಾಡಿ ಬಂದರೆ ಅವಳು ತುಳಿಯುತ್ತಾಳೆ, ಇಲ್ಲದಿದ್ದರೆ ಇಲ್ಲ. ಮಾತು ಇಷ್ಟೇ ಇತ್ತು.

ಇಷ್ಟು ಸರಳವಾದದ್ದು ನನ್ನ ಭಾವನವರಿಗೆ, ಅಂದರೆ ನನ್ನ ಗಂಡನ ಅಣ್ಣನಿಗೆ, ಮಾತ್ರ ತಿಳಿಯಲಿಲ್ಲ. ಅವರು ನನ್ನ ಜೊತೆ ನೇರವಾಗಿ ಮಾತಾಡುವವರಲ್ಲ. ತಮ್ಮನ ಹೆಂಡತಿಯ ಮುಖ ನೋಡಿ ಮಾತಾಡುವುದು ಅವರ ಪ್ರಕಾರ ಸರಿಯಲ್ಲ. ನಾನು ಎದುರಿಗೇ ಚಹಾದ ತಟ್ಟೆ ಹಿಡಿದು ನಿಂತಿದ್ದರೂ ಎಲ್ಲವನ್ನೂ ತಮ್ಮನಿಗೇ ಹೇಳುತ್ತಾರೆ.

"ತಮ್ಮಾ, ವ್ಯಾನ್ ಅಂದ್ರ ಒಂದೋ ಸಾಲಿ ಮಕ್ಕಳ ಗಾಡಿ, ಇಲ್ಲಾ ಆಂಬುಲೆನ್ಸ್. ಮನಿ ಮುಂದ ಅದನ್ನ ನಿಲ್ಲಿಸಿದ್ರ ಮಂದಿ ಬಂದು ಯಾರಿಗೇನಾಯ್ತಂತ ಕೇಳ್ತಾರ. ಡಿಕ್ಕಿ ಇರೋ ಉದ್ದನ್ ಕಾರ್ ತಗೋ. ಇಜ್ಜತ್ ಇರ್ತದ."

"ನಿಮ್ಮ ಅಣ್ಣಾರಿಗಿ ಹೇಳ್ರಿ," ಎಂದೆ ನಾನೂ ಗಂಡನಿಗೆ, "ಡಿಕ್ಕ್ಯಾಗ ಇಜ್ಜತ್ ಹಿಡೀತದ, ಸೈಕಲ್ ಹಿಡ್ಯಂಗಿಲ್ಲ."

"ತಮ್ಮಾ, ಕೂಸು ಇನ್ನೊಂದ್ ವರ್ಷ ತುಳೀತಾಳ, ಆಮ್ಯಾಲ ತಾನೇ ಬಿಡ್ತಾಳ. ಒಂದ್ ವರ್ಷದ ಸೈಕಲ್ ಸಲುವಾಗಿ ಹತ್ತು ವರ್ಷ ಬಾಳೋ ಗಾಡಿ ಕೆಡಿಸ್ಕೋತೀಯೇನು?"

ನನ್ನ ಗಂಡ ನಡುವೆ ಕೂತು ಇಬ್ಬರ ಮುಖವನ್ನೂ ನೋಡಿ ಚಹಾ ಕುಡಿದರು. ಮಗಳು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದಳು. ಅವಳು ಬಿಡುತ್ತಾಳೆಂದು ಇವರಿಗೆ ಹೇಳಿದವರು ಯಾರು? ಅವಳನ್ನು ಒಂದು ಮಾತು ಕೇಳದೆ ಅವಳ ಮುಂದಿನ ವರ್ಷವನ್ನು ಚಹಾದ ಜೊತೆ ಮುಗಿಸಿಬಿಟ್ಟರಲ್ಲ ಎಂದು ನನಗೆ ಕೆಟ್ಟ ಸಿಟ್ಟು ಬಂತು. ಅವತ್ತೇ ನಿಶ್ಚಯ ಮಾಡಿದೆ. ಯಾರ ಮಾತನ್ನೂ ಕೇಳದೆ ಎಲ್ಲವನ್ನೂ ನಾನೇ ಅಳೆದು, ಹಾಕಿ, ತೆಗೆದು ನೋಡುತ್ತೇನೆ ಎಂದು. ಅದಕ್ಕೇ ಷೋರೂಮಿಗೆ ಸೈಕಲ್ ಒಯ್ದದ್ದು.

ಭಾವನವರು ಹೇಳಿದ್ದ ಉದ್ದನೆಯ ಕಾರಿನ ಡಿಕ್ಕಿಯಲ್ಲಿ, ಎರಡೂ ಗಾಲಿ ಬಿಚ್ಚಿದರೂ ಸೈಕಲ್ ಕೂರಲಿಲ್ಲ. ಟೈ ಕಟ್ಟಿದ ತರುಣ ಬೆವರು ಒರೆಸಿಕೊಂಡು, "ಮೇಲೆ ಕ್ಯಾರಿಯರ್ ಹಾಕಿಸಬಹುದು ಮೇಡಮ್" ಎಂದ.

"ಹಾಕಸ್ಬಹುದು. ದಿನಾ ಎತ್ತಿ ಇಡ್ಲಿಕ್ಕ ನೀವು ಬರ್ತೀರೇನು?"

ಎರಡನೆಯದು ಎತ್ತರದ ಕಾರು. ಅದರಲ್ಲಿ ಸೀಟು ಮಡಚಿದರೆ ಸೈಕಲ್ ಹಿಡಿಯಿತು, ಆದರೆ ರೊಟ್ಟಿಯ ಡಬ್ಬಿಗೆ ಜಾಗವಿರಲಿಲ್ಲ. ವ್ಯಾನ್ ಎಲ್ಲಿದೆ ಎಂದು ಕೇಳಿದ್ದಕ್ಕೆ ನಮ್ಮನ್ನು ಹಿಂದಿನ ಅಂಗಳಕ್ಕೆ ಕರೆದೊಯ್ದರು. ಷೋರೂಮಿನ ದೀಪ, ಹೂವು, ರಿಬ್ಬನ್ನು ಯಾವುದೂ ಅದಕ್ಕಿರಲಿಲ್ಲ. ಗ್ಯಾರೇಜಿನ ಪಕ್ಕ ಧೂಳು ಹೊತ್ತು ನಿಂತಿತ್ತು.

"ಇದು ಕೆಲಸಕ್ಕೆ ತಗೊಳ್ತಾರೆ ಮೇಡಮ್. ಫ್ಯಾಮಿಲಿಗೆ ಅಲ್ಲ."

ಇದೇನು ಮಾತು? ನಮ್ಮ ಮುಂದಿನ ಕೋಣೆಯಲ್ಲಿ ಒಂದು ಮೂಲೆಗೆ ಒಲೆ, ಇನ್ನೊಂದು ಮೂಲೆಗೆ ಮಗಳ ಪುಸ್ತಕ, ನಡುವೆ ಅತ್ತೆಯ ಮಂಚ. ಕೆಲಸ ಎಲ್ಲಿ ಮುಗಿದು ಸಂಸಾರ ಎಲ್ಲಿ ಶುರುವಾಗುತ್ತದೆ ಎಂದು ಇವನು ಬಂದು ಗೆರೆ ಎಳೆದು ತೋರಿಸಲಿ! ದುಡಿಯುವ ಮನೆಗಳಿಗೆ ಸಂಸಾರ ಇರುವುದಿಲ್ಲವೇನು?

ಬಾಗಿಲನ್ನು ಪಕ್ಕಕ್ಕೆ ಸರಿಸಿದೆ. ಮುಂದೆ ಎರಡು ಸೀಟು, ಹಿಂದೆ ಉದ್ದನೆಯ ಒಂದು ಸೀಟು, ಅದರ ಬೆನ್ನಿಗೆ ಖಾಲಿ ಜಾಗ. ಗಾಲಿ ಬಿಚ್ಚಿದ ಸೈಕಲ್ ಅಲ್ಲಿ ಓರೆಯಾಗಿ ಒರಗಿ ನಿಂತಿತು. ನನಗೆ ಎದೆ ತುಂಬಿ ಬಂತು, ಸುಳ್ಳೇಕೆ ಹೇಳಲಿ.

ಮರುದಿನ ಐವತ್ತೈವತ್ತು ರೊಟ್ಟಿಯ ಎರಡು ಡಬ್ಬಿಗಳನ್ನೂ ಒಯ್ದೆ. ಗಾಡಿಯ ಮೈಲೇಜು, ಎಂಜಿನ್ನು ಎಂದು ಅವರು ಹೇಳುವುದನ್ನೆಲ್ಲ ನಾನು ನಂಬಬೇಕು. ರೊಟ್ಟಿ ಒಡೆದದ್ದನ್ನು ಮಾತ್ರ ಎಣಿಸಿ ನೋಡಬಹುದು. ತಾಜಸುಲ್ತಾನಪುರದ ಕಡೆಯ ಹೊಲದ ದಾರಿಯಲ್ಲಿ ಮೊದಲು ಉದ್ದನೆಯ ಕಾರು ಓಡಿಸಿದೆ. ಒಂಬತ್ತು ಒಡೆದವು. ಅದೇ ದಾರಿಯಲ್ಲಿ ಹೊಸ ಡಬ್ಬಿಯೊಂದಿಗೆ ವ್ಯಾನ್ ಓಡಿಸಿದೆ. ಇಪ್ಪತ್ತೊಂದು ಒಡೆದವು.

ಸಂಜೆ ನನ್ನ ಗಂಡ, ಎಷ್ಟೇ ಆದರೂ ಗಣಿತದವರು, ಈ ಲೆಕ್ಕವನ್ನು ಅಣ್ಣನಿಗೆ ಹೇಳಿಬಿಟ್ಟರು. ಫೋನಿನ ಆ ಕಡೆಯಿಂದ ನಗು ನನಗೂ ಕೇಳಿಸಿತು. ಮೂರನೆಯ ದಿನ ಅತ್ತೆಯ ಹಳೆಯ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ವ್ಯಾನಿನಲ್ಲಿ ಹಾಸಿ, ಅದರ ಮೇಲೆ ಡಬ್ಬಿಯಿಟ್ಟು, ಅದೇ ದಾರಿಯಲ್ಲಿ ಮತ್ತೆ ಹೋದೆ. ಪಕ್ಕದಲ್ಲಿ ಆ ತರುಣ ಕೈಹಿಡಿಕೆ ಬಿಗಿಹಿಡಿದು ಕೂತಿದ್ದ. ಡಬ್ಬಿ ತೆರೆದರೆ ಒಡೆದದ್ದು ಆರೇ ಆರು.

"ಏ, ಭಾಳ ಛಲೋ ಆಯ್ತಲ್ರಿ ಅಕ್ಕಾರ!" ಎಂದ ಅವನು. ಮೂರು ದಿನದಲ್ಲಿ ಮೊದಲ ಸಲ ಅವನ ಬಾಯಿಂದ ನಮ್ಮೂರಿನ ಮಾತು ಬಂತು. ಒಡೆದ ರೊಟ್ಟಿಗೆ ಶೇಂಗಾ ಹಿಂಡಿಯ ಚಟ್ನಿಪುಡಿ ಹಾಕಿಕೊಟ್ಟೆ, ಗಾಡಿಯ ಬಾಗಿಲಲ್ಲಿ ಕೂತು ತಿಂದ.

ಅತ್ತೆಯನ್ನೂ ಒಂದು ಸಲ ಕರೆದೊಯ್ದು ಕೂರಿಸಿ ನೋಡಿದೆ. ಹಿಂದೆ ಕೂತರೆ ಅವರಿಗೆ ವಾಂತಿ ಬರುತ್ತದೆ, ಮುಂದೆಯೇ ಆಗಬೇಕು. ಸಣ್ಣ ಮಣೆ ಇಟ್ಟರೆ ಹತ್ತಿದರು. ಹೀಗೆ ನಮ್ಮ ಮನೆಗೆ ವ್ಯಾನ್ ಬಂತು.

ಓಣಿಯವರು ಮೂಗು ಮುರಿದರು. ಭಾವನವರು ಎರಡು ಭಾನುವಾರ ಚಹಾಕ್ಕೆ ಬರಲಿಲ್ಲ. ರೋಜಾದ ಅಂಗಡಿಯ ಮುಂದೆ ಡಬ್ಬಿ ಇಳಿಸುತ್ತಿದ್ದಾಗ ಒಬ್ಬ ಮುದುಕ ಬಂದು ಬಾಗಿಲು ಸರಿಸಿ ಒಳಗೆ ಕೂತು, "ಸೂಪರ್ ಮಾರ್ಕೆಟ್ ಜಾತೇ ಕ್ಯಾ ಬಾಜಿ?" ಎಂದ. ನನ್ನದು ಅಲ್ಲಿಗೆ ಹೋಗುವ ಬಾಡಿಗೆ ಗಾಡಿ ಎಂದುಕೊಂಡಿದ್ದ. ಅವನನ್ನು ಸೂಪರ್ ಮಾರ್ಕೆಟ್ಟಿಗೆ ಬಿಟ್ಟೇ ಬಂದೆ. ಇದನ್ನು ಭಾವನವರಿಗೆ ಹೇಳಬೇಡಿರೆಂದು ಗಂಡನಿಂದ ಮಾತು ತೆಗೆದುಕೊಂಡೆ. ಭಾನುವಾರಗಳಂದು ಮಗಳು ಕಮಲಾಪುರದಲ್ಲಿ ತುಳಿದಳು, ನಾನು ಬೇವಿನ ಮರದ ನೆರಳಲ್ಲಿ ಗಾಡಿ ನಿಲ್ಲಿಸಿ ಕಾದೆ. ಗೆದ್ದೆ ಎಂದೇ ತಿಳಿದಿದ್ದೆ.

ಎರಡು ತಿಂಗಳ ಮೇಲೆ ಜಿಲ್ಲೆಯ ಸೈಕಲ್ ತಂಡಕ್ಕೆ ಮಕ್ಕಳನ್ನು ಆರಿಸುವ ದಿನ ಬಂತು. ಕಮಲಾಪುರದಲ್ಲೇ, ಬೆಳಿಗ್ಗೆ ಒಂಬತ್ತಕ್ಕೆ. ಅದೇ ದಿನ ಕಮಲಾಪುರದ ಒಂದು ಮನೆಯ ಗೃಹಪ್ರವೇಶಕ್ಕೆ ರೊಟ್ಟಿ ಕೇಳಿದ್ದರು. ಒಂದೇ ದಾರಿಗೆ ಎರಡು ಕೆಲಸವಾಗುತ್ತದೆಂದು ಒಪ್ಪಿಕೊಂಡೆ. ಮೊಮ್ಮಗಳು ತುಳಿಯುವುದನ್ನು ನೋಡಬೇಕೆಂದು ಅತ್ತೆಯೂ ಹೊರಟರು.

ಆರು ಗಂಟೆಗೇ ತುಂಬಲು ಶುರು ಮಾಡಿದೆ. ಹಿಂದೆ ಸೈಕಲ್, ಅದರ ಪಕ್ಕ ಎರಡು ಡಬ್ಬಿ. ಉಳಿದವನ್ನು ಹಿಂದಿನ ಸೀಟಿನ ಮೇಲೆ ಕೌದಿ ಹಾಸಿ, ಒಂದರ ಮೇಲೊಂದು, ಗಾಡಿಯ ಚಾವಣಿಯವರೆಗೆ. ಮುಂದೆ ಅತ್ತೆ. ಬಾಗಿಲು ಎಳೆದೆ. ಕೂದಲೆಳೆಯಷ್ಟೂ ತಾಗದೆ ಮುಚ್ಚಿಕೊಂಡಿತು. ಹಿಗ್ಗು ತಡೆಯಲಾಗದೆ ಗಂಡನನ್ನು ಹೊರಗೆ ಕರೆದೆ.

"ಫೋಟೋ ತೆಗದು ನಿಮ್ಮ ಅಣ್ಣಾರಿಗಿ ಕಳಸ್ರಿ. ಸೈಕಲ್ ಹಿಡೀತು, ರೊಟ್ಟಿ ಹಿಡೀತು, ಅತ್ತಿ ಹಿಡಿದ್ರು!"

ಅವರು ಫೋಟೋ ತೆಗೆದರು. ಆಗ ಮಗಳನ್ನು ನೋಡಿದೆ. ಹೆಲ್ಮೆಟ್ ಹಾಕಿಕೊಂಡು, ನೀರಿನ ಬಾಟಲಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಆಗಲೂ ನನಗೆ ಹೊಳೆಯಲಿಲ್ಲ. ಅವಳಿಗೆ ಹೇಳಿದೆ: "ನೀ ಪಪ್ಪನ ಕೂಡ ಬಸ್ಸಿಗಿ ಬಾ. ಅಲ್ಲೇ ಸಿಗ್ತೀನಿ."

ಅವಳು ಗಾಡಿಯನ್ನು ನೋಡಿದಳು. "ಮಮ್ಮಿ, ಅಲ್ಲಿ ಸೈಕಲ್ ಒಂದೇ ಓಡ್ತದೇನು?"

ಸಿಟ್ಟಿನಿಂದ ಕೇಳಿದ್ದರೆ ನನ್ನ ಹತ್ತಿರ ಉತ್ತರವಿರುತ್ತಿತ್ತು. ಸಿಟ್ಟಿನವರಿಗೆಲ್ಲ ನನ್ನ ಹತ್ತಿರ ಉತ್ತರವಿದೆ. ಅವಳು ಬಸ್ಸಿನ ಹೊತ್ತು ಕೇಳುವವರ ಹಾಗೆ ಕೇಳಿದ್ದಳು.

ಷೋರೂಮಿಗೆ ಸೈಕಲ್ ಒಯ್ದಿದ್ದೆ. ರೊಟ್ಟಿ ಒಯ್ದಿದ್ದೆ. ಅತ್ತೆಯನ್ನು ಒಯ್ದಿದ್ದೆ. ಅವಳಿಗೆ ಮಾತ್ರ ಓದಿಕೋ ಎಂದು ಹೇಳಿ ಮನೆಯಲ್ಲೇ ಬಿಟ್ಟು ಹೋಗಿದ್ದೆ. ಎಲ್ಲಿ ಕೂರುತ್ತೀ ಎಂದು ಒಂದು ಸಲವೂ ಕೇಳಲಿಲ್ಲ. ಭಾವನವರು ಅವಳನ್ನು ಕೇಳಲಿಲ್ಲವೆಂದು ಊರೆಲ್ಲ ಕೂಗಾಡಿದವಳು ನಾನು. ನನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅದನ್ನು ತಮ್ಮನ ಮೂಲಕ ಅಣ್ಣನಿಗೆ ದಾಟಿಸುವ ಹಾಗೂ ಇರಲಿಲ್ಲ.

ಬಾಗಿಲು ತೆರೆದು ಸೀಟಿನ ಮೇಲಿನ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ ಮೆಟ್ಟಿಲ ಮೇಲೆ ಇಟ್ಟೆ.

"ಕಮಲಾಪುರದವ್ರು ಬೈತಾರ," ಎಂದರು ಗಂಡ.

"ಬೈಲಿ."

ಬೈದರು. ಮಧ್ಯಾಹ್ನದೊಳಗೆ ಇನ್ನೊಂದು ಸಲ ಬಂದು ಕೊಡುತ್ತೇನೆಂದು ಫೋನಿನಲ್ಲಿ ಹೇಳಿದರೆ, ಊಟಕ್ಕೆ ಕೂತವರಿಗೆ ಏನು ಬಡಿಸಲಿ ಎಂದು ಆ ಮನೆಯ ಯಜಮಾನಿ ಬಾಯಿಗೆ ಬಂದಂತೆ ಅಂದರು. ಪೂರ್ತಿ ಕೇಳಿಸಿಕೊಂಡೆ. ಅವರ ಸಿಟ್ಟೂ ನ್ಯಾಯವಾದದ್ದೇ.

ಮಗಳು ಹತ್ತಿ ಕೂತಳು, ಗಾಡಿ ಹೊರಟಿತು. ಅತ್ತೆ ಮುಂದೆ ಏನೋ ಹೇಳುತ್ತಲೇ ಇದ್ದರು, ನನಗೆ ಕೇಳಿಸಲಿಲ್ಲ. ಮೇಲಿನ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದೆ. ಇಡೀ ಸೀಟು ಖಾಲಿಯಿದ್ದರೂ ಅವಳು ನಟ್ಟನಡುವೆ ಕೂತು, ಎರಡೂ ಕೈಗಳನ್ನು ಅಗಲಿಸಿ, ಎರಡು ಕಡೆಗೂ ಸೀಟನ್ನು ಒತ್ತಿ ಹಿಡಿದುಕೊಂಡಿದ್ದಳು. ಕಮಲಾಪುರ ಬರುವವರೆಗೂ ಆ ಕೈ ತೆಗೆಯಲಿಲ್ಲ.